ರಕ್ತದ ಲೆಕ್ಕವೂ ವಯಸ್ಸಿನ ಅಳತೆಯೂ

ಈಗಿನ ಕಾಲದಲ್ಲಿ ರಕ್ತಪರೀಕ್ಷೆಯೆಂಬುದು ಮನೆಮನೆಯ ಮಾತಾಗಿದೆ. ಮಗುವಿಗೆ ನಾಲ್ಕು ದಿನ ಜ್ವರ ಬಿಡದಿದ್ದರೆ, ಹಿರಿಯರಿಗೆ ನಿಶ್ಶಕ್ತಿ ಹೆಚ್ಚಿದರೆ, ಬಸುರಿಯ ತಪಾಸಣೆಯ ದಿನ ಬಂದರೆ, ವೈದ್ಯರು ಮೊದಲು ಬರೆದುಕೊಡುವುದು ರಕ್ತದ ಲೆಕ್ಕಕ್ಕೆ. ಸಂಜೆಯೊಳಗಾಗಿ ಪರೀಕ್ಷಾಲಯದಿಂದ ವರದಿ ಬರುವುದು. ವೈದ್ಯರು ಅದನ್ನು ನೋಡುವುದಕ್ಕಿಂತ ಮುಂಚೆಯೇ ಮನೆಯ ಯಜಮಾನನೂ ಯಜಮಾನಿಯೂ ನೋಡಿರುವರು. ಆ ಕಾಗದದ ಒಂದು ಸಾಲಿನಲ್ಲಿ ರೋಗಿಯ ರಕ್ತದ ಸಂಖ್ಯೆಯೂ ಅದರ ಪಕ್ಕದ ಸಾಲಿನಲ್ಲಿ ಕೆಳಗಿನ ಮಿತಿ, ಮೇಲಿನ ಮಿತಿ ಎಂಬ ಎರಡು ಸಂಖ್ಯೆಗಳೂ ಅಚ್ಚಾಗಿರುತ್ತವೆ. ರೋಗಿಯ ಸಂಖ್ಯೆ ಆ ಎರಡರ ನಡುವೆ ಬಿದ್ದರೆ ಸಮಾಧಾನ. ಹೊರಗೆ ಬಿದ್ದರೆ ಒಂದು ನಕ್ಷತ್ರದ ಗುರುತು, ಮನೆಯವರಿಗೆಲ್ಲ ಕಳವಳ.

ಈ ಪಕ್ಕದ ಸಂಖ್ಯೆಗಳನ್ನು ಗೊತ್ತುಮಾಡಿದವರಾರು? ಯಾರ ರಕ್ತವನ್ನು ನೋಡಿ ಗೊತ್ತುಮಾಡಿದರು? ಗಂಡಸಿಗೂ ಹೆಂಗಸಿಗೂ, ಎದೆಹಾಲು ಕುಡಿಯುವ ಕೂಸಿಗೂ ಎಂಬತ್ತು ದಾಟಿದ ವೃದ್ಧನಿಗೂ ಒಂದೇ ಅಳತೆ ಸಲ್ಲುವುದೆ? ಇವುಗಳನ್ನು ಕೇಳುವವರು ವಿರಳ. ಆದರೆ ವರದಿಯ ಬೆಲೆಯೆಲ್ಲ ನಿಂತಿರುವುದು ಈ ಪಕ್ಕದ ಸಾಲಿನ ಮೇಲೆಯೇ. ಅಳೆಯುವ ಕೋಲೇ ಸರಿಯಿಲ್ಲದಿದ್ದರೆ ಅಳೆದ ಬಟ್ಟೆಯ ಮಾತೇನು? ಆದುದರಿಂದ ದೇಹದ ಕಾವಲುಗಾರರಾದ ಬಿಳಿಯ ರಕ್ತಕಣಗಳ ಲೆಕ್ಕಕ್ಕೆ ವಯಸ್ಸಿಗೂ ಲಿಂಗಕ್ಕೂ ತಕ್ಕ ಅಳತೆಯನ್ನು ಶಾಸ್ತ್ರಜ್ಞರು ಹೇಗೆ ಕಟ್ಟಿದರು, ಅದರಿಂದ ಗೃಹಸ್ಥರಿಗೇನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ಆದಷ್ಟು ತಿಳಿಯಾಗಿ ನಿರೂಪಿಸಲು ಯತ್ನಿಸಿರುತ್ತೇವೆ.

ಎಣಿಕೆ ಬೆಳೆದುಬಂದ ಬಗೆ

ರಕ್ತದ ಕಣಗಳನ್ನು ಕ್ರಮವಾಗಿ ಎಣಿಸಿ ಮೊದಲು ಪ್ರಕಟಿಸಿದವನು ಜರ್ಮನಿಯ ಟ್ಯೂಬಿಂಗೆನ್ನಿನ ಕಾರ್ಲ್ ಫಿಯೆರೋರ್ಟ್ ಎಂಬ ಪಂಡಿತನು. ಅದು ೧೮೫೨ನೆಯ ಇಸವಿ. ಸೂಕ್ಷ್ಮದರ್ಶಕ ಯಂತ್ರದ ಕೆಳಗೆ ಒಂದೊಂದಾಗಿ ಕಣಗಳನ್ನು ಎಣಿಸುವ ಆ ಕೆಲಸ ಬಹು ಶ್ರಮದ್ದಾಗಿತ್ತು. ಮುಂದೆ ಚೌಕಗಳ ಗೆರೆಯಿರುವ ಗಾಜಿನ ಫಲಕಗಳು ಬಂದು ಎಣಿಕೆ ಸುಲಭವಾಯಿತು. ಬಿಳಿಯ ಕಣಗಳೆಲ್ಲವೂ ಒಂದೇ ಜಾತಿಯವಲ್ಲವೆಂಬುದನ್ನು ಬಣ್ಣಗಳ ಸಹಾಯದಿಂದ ಸ್ಪಷ್ಟವಾಗಿ ತೋರಿಸಿಕೊಟ್ಟವನು ಪೌಲ್ ಏರ್ಲಿಕ್. ಈತನು ೧೮೭೯ರಿಂದ ಮೊದಲುಮಾಡಿ ರಕ್ತದ ಲೇಪಕ್ಕೆ ಬಗೆಬಗೆಯ ಬಣ್ಣಗಳನ್ನು ಹಚ್ಚಿ, ಯಾವ ಕಣ ಯಾವ ಬಣ್ಣವನ್ನು ಹಿಡಿಯುವುದೆಂಬುದರ ಮೇಲೆ ಅವುಗಳನ್ನು ವಿಂಗಡಿಸಿದನು. ನ್ಯೂಟ್ರೋಫಿಲ್, ಇಯೋಸಿನೋಫಿಲ್ ಮೊದಲಾದ ಹೆಸರುಗಳು ಆ ವಿಂಗಡಣೆಯ ಫಲ. ೧೯೦೮ರಲ್ಲಿ ಈತನಿಗೂ ರೋಗಾಣುಗಳನ್ನು ನುಂಗುವ ಕಣಗಳನ್ನು ಕಂಡುಹಿಡಿದ ರಷ್ಯದ ಮೆಚ್ನಿಕೋಫನಿಗೂ ನೊಬೆಲ್ ಪಾರಿತೋಷಕವು ಜೊತೆಯಾಗಿ ದೊರೆಯಿತು.

ಆದರೆ ಲಿಂಫೋಸೈಟ್ ಎಂಬ ಜಾತಿಯ ಕಣಗಳು ಬಣ್ಣ ಹಚ್ಚಿದರೂ ಒಂದರಂತೆ ಒಂದು ಕಾಣುತ್ತವೆ. ಅವುಗಳೊಳಗೆ ಭಿನ್ನ ಭಿನ್ನ ಕೆಲಸದವು ಉಂಟೆಂಬುದು ಬಹುಕಾಲ ತಿಳಿದಿರಲಿಲ್ಲ. ಎದೆಯ ಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯು ನಿರುಪಯೋಗಿಯಲ್ಲ, ರೋಗನಿರೋಧಕ್ಕೆ ಅದೇ ಮೂಲವೆಂದು ೧೯೬೧ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ತೋರಿಸಿದರು. ಥೈಮಸಿನಲ್ಲಿ ಪಳಗುವ ಟಿ ಕಣಗಳು, ಪ್ರತಿವಿಷಗಳನ್ನು ತಯಾರಿಸುವ ಬಿ ಕಣಗಳು ಎಂಬ ಎರಡು ಶಾಖೆಗಳಿರುವುದನ್ನು ೧೯೬೫ರಲ್ಲಿ ಅಮೆರಿಕದ ಮ್ಯಾಕ್ಸ್ ಕೂಪರ್ ಮತ್ತು ರಾಬರ್ಟ್ ಗುಡ್ ಕೋಳಿಮರಿಗಳ ಮೇಲಣ ಪ್ರಯೋಗಗಳಿಂದ ಸ್ಥಾಪಿಸಿದರು. ೧೯೭೫ರಲ್ಲಿ ಕೇಂಬ್ರಿಜಿನ ಕೋಲರ್ ಮತ್ತು ಮಿಲ್ಸ್ಟೈನ್ ಒಂದೇ ಗುರಿಗೆ ತಾಗುವ ಶುದ್ಧ ಪ್ರತಿವಿಷವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಇಂತಹ ಪ್ರತಿವಿಷಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ ರಕ್ತದೊಡನೆ ಬೆರೆಸಿದರೆ, ಅದು ತನ್ನ ಗುರುತಿರುವ ಕಣಕ್ಕೆ ಮಾತ್ರವೇ ಅಂಟಿಕೊಳ್ಳುವುದು. ಆ ಬಳಿಕ ಕಣಗಳನ್ನು ಒಂದರ ಹಿಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸಿದರೆ ಹೊಳೆದವನ್ನು ಯಂತ್ರವೇ ಎಣಿಸುವುದು. ಈ ಯಂತ್ರಕ್ಕೆ ಫ್ಲೋ ಸೈಟೋಮೀಟರ್ ಎಂದು ಹೆಸರು. ಕಣಗಳ ಮೇಲಣ ಗುರುತುಗಳಿಗೆ ಒಂದೇ ಕ್ರಮದ ಹೆಸರಿರಲೆಂದು ೧೯೮೨ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಪಂಡಿತರ ಸಭೆಯು ಸಿ.ಡಿ. ಎಂಬ ಅಕ್ಷರಗಳನ್ನೂ ಅಂಕೆಗಳನ್ನೂ ಗೊತ್ತುಮಾಡಿತು. ಇತರ ಕಣಗಳಿಗೆ ಅಪ್ಪಣೆ ಕೊಟ್ಟು ನಡೆಸುವ ಸಹಾಯಕ ಟಿ ಕಣಗಳಿಗೆ ಸಿ.ಡಿ. ೪ ಎಂದೂ, ರೋಗ ಹೊಕ್ಕ ಕಣಗಳನ್ನು ಕೊಲ್ಲುವ ಟಿ ಕಣಗಳಿಗೆ ಸಿ.ಡಿ. ೮ ಎಂದೂ ಗುರುತು ಬಂದುದು ಹೀಗೆ.

ವ್ಯಾಪ್ತಿಯೆಂದರೇನು?

ಎಣಿಸುವ ವಿದ್ಯೆ ಕೈಗೆ ಬಂದ ಮಾತ್ರಕ್ಕೆ ಎಷ್ಟಿದ್ದರೆ ಸರಿಯೆಂಬುದು ತಿಳಿಯುವುದಿಲ್ಲ. ಹಿಂದೆ ಇದಕ್ಕೆ 'ಸಾಮಾನ್ಯ ಪ್ರಮಾಣ' ಎಂಬ ಮಾತು ನಡೆಯುತ್ತಿತ್ತು. ೧೯೬೯ರಲ್ಲಿ ಫಿನ್ಲೆಂಡಿನ ಗ್ರಾಸ್ಬೆಕ್ ಮತ್ತು ಸಾರಿಸ್ ಎಂಬಿಬ್ಬರು ಆ ಮಾತಿಗೆ ಆಕ್ಷೇಪಣೆ ತೆಗೆದರು. ಸಾಮಾನ್ಯವೆಂದರೆ ಆರೋಗ್ಯವೋ, ಬಹುಜನರಲ್ಲಿ ಕಾಣುವುದೋ, ಇಲ್ಲವೆ ಇರಬೇಕಾದ ಆದರ್ಶವೋ? ಈ ಮೂರೂ ಒಂದಲ್ಲ. ಆದುದರಿಂದ ಇಂತಿಂತಹ ಜನರನ್ನು, ಇಂತಹ ಸ್ಥಿತಿಯಲ್ಲಿ, ಇಂತಹ ವಿಧಾನದಿಂದ ಪರೀಕ್ಷಿಸಿದಾಗ ಕಂಡುಬಂದ ಸಂಖ್ಯೆಯೆಂದು ಹೇಳುವುದೇ ಸತ್ಯವಾದ ಮಾತೆಂದು ಅವರು ವಾದಿಸಿದರು. ಅಂದಿನಿಂದ 'ನಿರ್ದೇಶ ವ್ಯಾಪ್ತಿ' ಎಂಬರ್ಥದ ಮಾತು ಬಳಕೆಗೆ ಬಂದಿತು.

ಈ ವ್ಯಾಪ್ತಿಯನ್ನು ಕಟ್ಟುವ ಕ್ರಮವು ಕಷ್ಟವಾದುದಲ್ಲ. ಒಂದೇ ವಯಸ್ಸಿನ, ಒಂದೇ ಲಿಂಗದ, ರೋಗವಿಲ್ಲದ ೧೨೦ ಮಂದಿಯ ರಕ್ತವನ್ನು ತೆಗೆದು ಎಣಿಸುತ್ತಾರೆ. ಬಂದ ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಇಡುತ್ತಾರೆ. ಕೆಳಗಿನಿಂದ ಮೂರನೆಯದು ಕೆಳಗಿನ ಮಿತಿ. ಮೇಲಿನಿಂದ ಮೂರನೆಯದು ಮೇಲಿನ ಮಿತಿ. ಈ ಎರಡರ ನಡುವೆ ನೂರಕ್ಕೆ ತೊಂಬತ್ತೈದು ಮಂದಿ ಆರೋಗ್ಯವಂತರು ನಿಲ್ಲುತ್ತಾರೆ. ೧೨೦ ಎಂಬ ಸಂಖ್ಯೆಯನ್ನು ಪರೀಕ್ಷಾಲಯಗಳಿಗೆ ನಿಯಮಗಳನ್ನು ಬರೆದುಕೊಡುವ ಅಂತಾರಾಷ್ಟ್ರೀಯ ಪಂಡಿತ ಮಂಡಲಿಯು ಗೊತ್ತುಮಾಡಿರುವುದು. ಅದಕ್ಕಿಂತ ಕಡಮೆ ಮಂದಿಯಾದರೆ, ಅವರೊಳಗೆ ಒಬ್ಬನಿಗೆ ಗುಪ್ತವಾಗಿ ಕಾಯಿಲೆಯಿದ್ದರೂ ಮಿತಿಯೇ ಓಲಾಡಿಬಿಡುವುದು. ಈ ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು: ಹುಟ್ಟಿದಂದಿನಿಂದ ಹದಿನೆಂಟು ವರ್ಷದವರೆಗೆ ಏಳು ವಯೋಭಾಗಗಳನ್ನು ಮಾಡಿ, ಒಂದೊಂದರಲ್ಲಿಯೂ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಎಣಿಸುವುದಾದರೆ ೧,೬೮೦ ಆರೋಗ್ಯವಂತ ಮಕ್ಕಳು ಬೇಕು. ಕಾಯಿಲೆಯೇ ಇಲ್ಲದ ಹಸುಗೂಸಿಗೆ ಸೂಜಿ ಚುಚ್ಚಲು ಯಾವ ತಾಯಿ ಒಪ್ಪುವಳು? ದೊಡ್ಡವರ ಅಳತೆ ಬೇಗ ಸಿದ್ಧವಾಗಿ, ಮಕ್ಕಳ ಅಳತೆ ಬಹು ನಿಧಾನವಾಗಿ ಬಂದುದಕ್ಕೆ ಇದೇ ಮುಖ್ಯ ಕಾರಣವು.

ಇಲ್ಲಿ ಗೃಹಸ್ಥರು ನೆನಪಿಡತಕ್ಕ ಒಂದು ವಿಷಯವುಂಟು. ವ್ಯಾಪ್ತಿಯನ್ನು ಕಟ್ಟಿದ ರೀತಿಯಿಂದಲೇ, ಸಂಪೂರ್ಣ ಆರೋಗ್ಯವಂತರಲ್ಲಿಯೂ ಇಪ್ಪತ್ತರಲ್ಲಿ ಒಬ್ಬನು ಅದರ ಹೊರಗೆ ಬೀಳುವನು. ಒಬ್ಬನಿಗೇ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಮಾಡಿಸಿದರೆ, ಯಾವ ರೋಗವೂ ಇಲ್ಲದೆ ಒಂದಾದರೂ ನಕ್ಷತ್ರದ ಗುರುತು ಬರುವ ಸಂಭವವು ನೂರಕ್ಕೆ ಅರುವತ್ತನಾಲ್ಕರಷ್ಟು. ಹೀಗಿರಲು ಒಂದು ಗುರುತನ್ನು ಕಂಡೊಡನೆ ಊಟ ಬಿಟ್ಟು ಕೂಡುವುದು ವಿವೇಕವಲ್ಲ.

ಶಿಶುವಿನ ರಕ್ತ ದೊಡ್ಡವರ ರಕ್ತವಲ್ಲ

ಬೆಳೆದ ಮನುಷ್ಯನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು ೪,೦೦೦ದಿಂದ ೧೧,೦೦೦ದವರೆಗೆ ಬಿಳಿಯ ಕಣಗಳಿರುತ್ತವೆ. ಆಗ ತಾನೆ ಹುಟ್ಟಿದ ಕೂಸಿನಲ್ಲಿಯಾದರೋ ೯,೦೦೦ದಿಂದ ೩೦,೦೦೦ದವರೆಗೂ ಇರಬಹುದು. ದೊಡ್ಡವರಲ್ಲಿ ಕಂಡರೆ ವೈದ್ಯರನ್ನು ಬೆಚ್ಚಿಬೀಳಿಸುವ ಈ ಸಂಖ್ಯೆಯು ಕೂಸಿಗೆ ಸಹಜವಾದುದು. ಹುಟ್ಟಿದ ಅರ್ಧ ದಿನದೊಳಗೆ ನ್ಯೂಟ್ರೋಫಿಲ್ಲುಗಳು ಮೇಲೇರಿ, ಅನಂತರ ಇಳಿಯತೊಡಗುತ್ತವೆ. ನಾಲ್ಕೈದು ದಿನಗಳಾಗುವಷ್ಟರಲ್ಲಿ ಲಿಂಫೋಸೈಟುಗಳು ಅವುಗಳನ್ನು ಹಿಂದಿಕ್ಕುತ್ತವೆ. ನಾಲ್ಕೈದು ವರ್ಷಗಳವರೆಗೆ ಮಗುವಿನ ರಕ್ತದಲ್ಲಿ ಲಿಂಫೋಸೈಟುಗಳದೇ ಬಹುಮತ. ಆ ಮೇಲೆ ಮತ್ತೆ ನ್ಯೂಟ್ರೋಫಿಲ್ಲುಗಳು ಮೇಲುಗೈಯಾಗುತ್ತವೆ. ಹೀಗೆ ಎರಡು ಸಲ ಈ ಎರಡು ಜಾತಿಗಳು ಒಂದನ್ನೊಂದು ದಾಟುವುವು. ಎರಡು ವರ್ಷದ ಮಗುವಿನ ವರದಿಯಲ್ಲಿ ಲಿಂಫೋಸೈಟ್ ಹೆಚ್ಚಾಗಿದೆಯೆಂದು ಗುರುತು ಬಿದ್ದಿದ್ದರೆ, ಅನೇಕ ವೇಳೆ ಅದು ದೊಡ್ಡವರ ಅಳತೆಯನ್ನು ಮಗುವಿಗೆ ಹಿಡಿದುದರ ಫಲವೇ ಹೊರತು ಬೇರೆಯಲ್ಲ.

ಮಕ್ಕಳ ವಿಷಯದಲ್ಲಿ ಪ್ರಸಿದ್ಧವಾದ ಒಂದು ಎಣಿಕೆಯನ್ನು ಅಮೆರಿಕ ದೇಶದ ವೈದ್ಯರು ೨೦೦೩ರಲ್ಲಿ ಪ್ರಕಟಿಸಿದರು. ಹುಟ್ಟಿದಂದಿನಿಂದ ೧೮ ವರ್ಷದವರೆಗಿನ ೮೦೭ ಮಂದಿ ಆರೋಗ್ಯವಂತ ಮಕ್ಕಳ ರಕ್ತವನ್ನು ಅವರು ಪರೀಕ್ಷಿಸಿದ್ದರು. ಸಿ.ಡಿ. ೪ ಕಣಗಳ ನಡುಸಂಖ್ಯೆಯು, ಘನ ಮಿಲಿಮೀಟರಿಗೆ, ಮೊದಲ ಮೂರು ತಿಂಗಳಲ್ಲಿ ೨,೬೧೦. ಮೂರರಿಂದ ಆರು ತಿಂಗಳಲ್ಲಿ ೨,೮೫೦. ಒಂದರಿಂದ ಎರಡು ವರ್ಷದಲ್ಲಿ ೨,೧೬೦. ಎರಡರಿಂದ ಆರು ವರ್ಷದಲ್ಲಿ ೧,೩೮೦. ಆರರಿಂದ ಹನ್ನೆರಡರಲ್ಲಿ ೯೮೦. ಹನ್ನೆರಡರಿಂದ ಹದಿನೆಂಟರಲ್ಲಿ ೮೪೦. ಬಿ ಕಣಗಳಲ್ಲಿಯೂ ಇದೇ ಇಳಿತ: ಮೂರರಿಂದ ಆರು ತಿಂಗಳಲ್ಲಿ ೧,೫೫೦ ಇದ್ದದ್ದು ಹದಿನೆಂಟರ ಹೊತ್ತಿಗೆ ಸುಮಾರು ೩೦೦ಕ್ಕೆ ಬಂದು ನಿಲ್ಲುವುದು.

ಇದಕ್ಕೆ ಕಾರಣವು ಸ್ಥೂಲವಾಗಿ ಹೀಗೆ: ಕೂಸಿಗೆ ಲೋಕದ ರೋಗಾಣುಗಳೆಲ್ಲ ಹೊಸವು. ಅದರ ಥೈಮಸ್ ಗ್ರಂಥಿಯು ದೇಹದ ಗಾತ್ರಕ್ಕೆ ಹೋಲಿಸಿದರೆ ಬಹು ದೊಡ್ಡದಾಗಿದ್ದು, ಇನ್ನೂ ಯಾವ ಶತ್ರುವನ್ನೂ ಕಾಣದ ಹೊಸ ಕಣಗಳನ್ನು ಎಡೆಬಿಡದೆ ಕಳುಹಿಸುತ್ತಿರುವುದು. ವರ್ಷಗಳು ಕಳೆದಂತೆ ಅನುಭವವುಳ್ಳ ಕಣಗಳು ಉಳಿದುಕೊಂಡು ಹೊಸಬರ ಭರ್ತಿ ಕಡಮೆಯಾಗುವುದು. ಅಲ್ಲದೆ ಲಿಂಫೋಸೈಟುಗಳಲ್ಲಿ ನೂರಕ್ಕೆ ಎರಡರಷ್ಟು ಮಾತ್ರವೇ ರಕ್ತದಲ್ಲಿ ಸಂಚರಿಸುತ್ತಿದ್ದು, ಉಳಿದವು ಗಂಟುಗಳು, ಗುಲ್ಮ, ಕರುಳಿನ ಗೋಡೆ ಮೊದಲಾದ ಕಡೆಗಳಲ್ಲಿ ಬೀಡುಬಿಟ್ಟಿರುತ್ತವೆ. ರಕ್ತದಲ್ಲಿ ಎಣಿಸುವುದೆಂದರೆ ಊರಿನ ಜನರನ್ನು ಮನೆಗಳಲ್ಲಿ ಎಣಿಸದೆ ಬೀದಿಯಲ್ಲಿ ಓಡಾಡುವವರನ್ನು ಎಣಿಸಿದಂತೆ. ಬೀದಿಯ ಜನಸಂದಣಿಯು ಹೊತ್ತಿನಿಂದ ಹೊತ್ತಿಗೆ ಬದಲಾಗುವಂತೆ ಈ ಲೆಕ್ಕವೂ ಬದಲಾಗುವುದು. ಲಿಂಫೋಸೈಟುಗಳು ರಾತ್ರಿಯಲ್ಲಿ ಹೆಚ್ಚಾಗಿಯೂ ಹಗಲಿನಲ್ಲಿ ಕಡಮೆಯಾಗಿಯೂ ಕಾಣುತ್ತವೆ. ಓಡಿ ದಣಿದಾಗ, ಮಗುವು ಬಿಕ್ಕಿಬಿಕ್ಕಿ ಅತ್ತಾಗ, ಒಟ್ಟು ಬಿಳಿಯ ಕಣಗಳ ಲೆಕ್ಕವು ಸ್ವಲ್ಪ ಹೊತ್ತು ಏರುವುದು.

ಅಳತೆ ತಪ್ಪಿದರೆ ಪ್ರಾಣಕ್ಕೆ ಬರುವ ಅಪಾಯ

ಇಷ್ಟೆಲ್ಲ ಲೆಕ್ಕಾಚಾರ ಪಂಡಿತರ ಕುತೂಹಲಕ್ಕೆ ಮಾತ್ರವೆಂದು ತಿಳಿಯಬಾರದು. ಅಳತೆ ತಪ್ಪಿದುದರಿಂದ ಮಕ್ಕಳ ಪ್ರಾಣಕ್ಕೇ ಅಪಾಯ ಬರುವುದುಂಟು.

೧೯೮೧ರ ಜೂನ್ ತಿಂಗಳಲ್ಲಿ ಲಾಸ್ ಏಂಜಲಿಸಿನಿಂದ ಏಡ್ಸ್ ರೋಗದ ಮೊದಲ ವರದಿ ಹೊರಬಂದಿತು. ಆ ರೋಗದ ವಿಷಾಣುವು ಸಿ.ಡಿ. ೪ ಕಣಗಳನ್ನೇ ಹಿಡಿದು ನಾಶಮಾಡುವುದೆಂದು ಬೇಗನೆ ತಿಳಿದುಬಂದಿತು. ದೊಡ್ಡವರಲ್ಲಿ ಈ ಕಣಗಳು ೨೦೦ಕ್ಕಿಂತ ಕೆಳಗಿಳಿದರೆ ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕು ಬಂದೆರಗುವುದಾದ್ದರಿಂದ, ಆ ಮಿತಿಯನ್ನು ನೋಡಿ ವೈದ್ಯರು ಮುಂಜಾಗ್ರತೆಯ ಔಷಧವನ್ನು ಕೊಡುತ್ತಿದ್ದರು. ಆದರೆ ಸೋಂಕಿನೊಡನೆ ಹುಟ್ಟಿದ ಶಿಶುಗಳಲ್ಲಿ ಇದೇ ಕಾಯಿಲೆಯು ದೊಡ್ಡವರಿಗೆ ಸಾಕೆನಿಸುವಷ್ಟು ಕಣಗಳಿರುವಾಗಲೇ ಬರುತ್ತಿತ್ತು. ೨,೦೦೦ದ ಮೇಲಿರಬೇಕಾದ ಕಡೆ ೬೦೦ ಇರುವುದೆಂದರೆ ಆ ಕೂಸಿನ ಕೋಟೆಯ ಗೋಡೆ ಆಗಲೇ ಬಿದ್ದಿದೆಯೆಂದು ಅರ್ಥ. ದೊಡ್ಡವರ ಕೋಲಿನಿಂದ ಅಳೆದವನಿಗೆ ಮಾತ್ರ ಅದು ಸುಭದ್ರವಾಗಿ ಕಾಣುವುದು. ಆದುದರಿಂದ ಅಮೆರಿಕದ ರೋಗನಿಯಂತ್ರಣ ಕೇಂದ್ರವು ೧೯೯೧ರಲ್ಲಿ ಮಕ್ಕಳಿಗೆ ವಯಸ್ಸಿನ ಮೇಲೆ ಬೇರೆ ಮಿತಿಗಳನ್ನು ವಿಧಿಸಿತು. ೧೯೯೪ರ ವರ್ಗೀಕರಣದಲ್ಲಿ, ನಿರೋಧಶಕ್ತಿ ತೀವ್ರವಾಗಿ ಕುಂದಿದೆಯೆನ್ನಲು ವರ್ಷ ತುಂಬದ ಕೂಸಿಗೆ ೭೫೦ಕ್ಕಿಂತ ಕಡಮೆ, ಒಂದರಿಂದ ಐದು ವರ್ಷದವರಿಗೆ ೫೦೦ಕ್ಕಿಂತ ಕಡಮೆ, ಆರರಿಂದ ಹನ್ನೆರಡರವರಿಗೆ ೨೦೦ಕ್ಕಿಂತ ಕಡಮೆ ಎಂದು ಗೊತ್ತಾಯಿತು. ೧೯೯೫ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಸೋಂಕುಳ್ಳ ತಾಯಿಗೆ ಹುಟ್ಟಿದ ಕೂಸಿಗೆ ಲೆಕ್ಕವನ್ನು ಕಾಯದೆಯೇ ನಾಲ್ಕರಿಂದ ಆರು ವಾರಗಳೊಳಗೆ ಮುಂಜಾಗ್ರತೆಯ ಔಷಧವನ್ನು ಮೊದಲುಮಾಡಬೇಕೆಂದು ವಿಧಿಸಿದರು.

ನಮ್ಮ ದೇಶದಲ್ಲಿ ೨೦೦೪ನೆಯ ಏಪ್ರಿಲ್ ೧ರಿಂದ ಈ ರೋಗಕ್ಕೆ ಸರ್ಕಾರದಿಂದ ಧರ್ಮಾರ್ಥವಾಗಿ ಔಷಧ ಕೊಡುವ ಯೋಜನೆ ಆರಂಭವಾದಾಗ, ಮೊದಲು ಆರಿಸಿಕೊಂಡ ಪ್ರಾಂತಗಳಲ್ಲಿ ಕರ್ನಾಟಕವೂ ಒಂದು. ಆಗ ಔಷಧ ದೊರೆಯಬೇಕೇ ಕೂಡದೇ ಎಂಬುದನ್ನು ಬಹುಮಟ್ಟಿಗೆ ಸಿ.ಡಿ. ೪ ಲೆಕ್ಕವೇ ನಿರ್ಣಯಿಸುತ್ತಿತ್ತು. ೨೦೧೭ರಿಂದ ಲೆಕ್ಕವೆಷ್ಟೇ ಇರಲಿ, ಸೋಂಕು ಕಂಡವರೆಲ್ಲರಿಗೂ ಔಷಧ ಕೊಡಬೇಕೆಂಬ ನಿಯಮ ಬಂದಿದೆ. ಒಂದು ಸಂಖ್ಯೆಯ ಮೇಲೆ ಎಷ್ಟು ಮಂದಿಯ ಬಾಳು ತೂಗಾಡಿತೆಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯ ನಿದರ್ಶನವು ಹುಟ್ಟಿನಿಂದಲೇ ಟಿ ಕಣಗಳಿಲ್ಲದ ಶಿಶುಗಳದು. ಈ ವಿಪತ್ತು ಅಪರೂಪವಾದರೂ ಘೋರವಾದುದು. ಇಂತಹ ಕೂಸು ಹುಟ್ಟಿದಾಗ ಮುದ್ದಾಗಿಯೇ ಇರುತ್ತದೆ. ಕೆಲವು ತಿಂಗಳುಗಳಲ್ಲಿ ಬಾಯಿಹುಣ್ಣು, ಭೇದಿ, ಬಿಡದ ಕೆಮ್ಮು ಹತ್ತಿ ಸೊರಗತೊಡಗುವುದು. ಚಿಕಿತ್ಸೆ ದೊರೆಯದಿದ್ದರೆ ಮೊದಲ ಒಂದೆರಡು ವರ್ಷಗಳಲ್ಲಿಯೇ ತೀರಿಕೊಳ್ಳುವುದು. ರೋಗದ ಸುಳಿವು ಸಾಮಾನ್ಯವಾದ ರಕ್ತಪರೀಕ್ಷೆಯಲ್ಲಿಯೇ ಇರುವುದುಂಟು. ದೊಡ್ಡವರಿಗೆ ಲಿಂಫೋಸೈಟುಗಳ ಕೆಳಗಿನ ಮಿತಿ ಸುಮಾರು ೧,೦೦೦. ಮೂರು ತಿಂಗಳ ಕೂಸಿನಲ್ಲಿ ೧,೮೦೦ ಕಂಡರೆ, ದೊಡ್ಡವರ ಅಳತೆಯನ್ನು ಅಚ್ಚುಹಾಕಿದ ಕಾಗದದಲ್ಲಿ ಯಾವ ಗುರುತೂ ಬೀಳುವುದಿಲ್ಲ. ಆದರೆ ಆ ವಯಸ್ಸಿನ ಆರೋಗ್ಯವಂತ ಕೂಸುಗಳಲ್ಲಿ ೫,೦೦೦ದ ಮೇಲಿರುವುದೇ ವಾಡಿಕೆ; ೨,೫೦೦ಕ್ಕಿಂತ ಕೆಳಗಿದ್ದರೆ ಬಲ್ಲ ವೈದ್ಯರು ಕೂಡಲೆ ವಿಚಾರಿಸುತ್ತಾರೆ. ಈ ವಿಚಾರಣೆ ಬೇಗನಾದರೆ ಫಲವೂ ದೊಡ್ಡದು. ಇನ್ನೊಬ್ಬರ ಅಸ್ಥಿಮಜ್ಜೆಯನ್ನು ಕೊಟ್ಟು ಈ ರೋಗವನ್ನು ೧೯೬೮ರಿಂದ ಗುಣಪಡಿಸುತ್ತಿದ್ದಾರೆ. ಅಮೆರಿಕ ಖಂಡದ ೨೪೦ ಶಿಶುಗಳ ವೃತ್ತಾಂತವನ್ನು ೨೦೧೪ರಲ್ಲಿ ಪ್ರಕಟಿಸಿದಾಗ, ಮೂರೂವರೆ ತಿಂಗಳೊಳಗೆ ಮಜ್ಜೆ ದೊರೆತವರಲ್ಲಿ ನೂರಕ್ಕೆ ೯೪ ಮಂದಿ ಐದು ವರ್ಷಗಳ ಬಳಿಕವೂ ಬದುಕಿದ್ದುದು ಕಂಡುಬಂದಿತು. ಇದನ್ನರಿತೇ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ೨೦೦೮ರಿಂದ, ಹುಟ್ಟಿದ ಕೂಸುಗಳೆಲ್ಲದರ ಹಿಮ್ಮಡಿಯ ಒಂದು ತೊಟ್ಟು ರಕ್ತದಲ್ಲಿ ಹೊಸ ಟಿ ಕಣಗಳ ಕುರುಹನ್ನು ಹುಡುಕುವ ಏರ್ಪಾಡು ಮೊದಲಾಯಿತು.

ನಮ್ಮ ನಾಡಿಗೆ ಇದು ಎರಡು ಕಾರಣಗಳಿಂದ ಸಂಬಂಧಪಟ್ಟಿದೆ. ಕ್ಷಯನಿರೋಧಕ್ಕಾಗಿ ಹುಟ್ಟಿದೊಡನೆ ಹಾಕುವ ಬಿ.ಸಿ.ಜಿ. ಚುಚ್ಚುಮದ್ದು ಜೀವವುಳ್ಳ ಅಣುಗಳದು. ಅದು ಲಕ್ಷಾಂತರ ಮಕ್ಕಳಿಗೆ ರಕ್ಷೆ. ಅದನ್ನು ತಪ್ಪಿಸಬೇಕೆಂದು ನಾವು ಎಂದಿಗೂ ಹೇಳೆವು. ಆದರೆ ಟಿ ಕಣಗಳಿಲ್ಲದ ಕೂಸಿಗೆ ಮಾತ್ರ ಆ ಅಣುವೇ ಮೈಯೆಲ್ಲ ಹರಡಿ ಮುಳುವಾಗಬಲ್ಲುದು. ಎರಡನೆಯದಾಗಿ, ರಕ್ತಸಂಬಂಧದೊಳಗೆ ಮದುವೆಯಾಗುವ, ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿಯು ನಮ್ಮಲ್ಲಿ ಇನ್ನೂ ಉಳಿದಿರುವುದರಿಂದ, ಇಂತಹ ವಂಶಾನುಗತ ರೋಗಗಳಲ್ಲಿ ಹಲವಕ್ಕೆ ಹೆಚ್ಚು ಆಸ್ಪದವುಂಟು. ಮನೆಯಲ್ಲಿ ಹಿಂದೆ ಒಂದು ಶಿಶುವು ಸೋಂಕಿನಿಂದ ತೀರಿಕೊಂಡಿದ್ದರೆ, ಮುಂದಿನ ಕೂಸು ಹುಟ್ಟುವ ಮೊದಲೇ ಆ ಸಂಗತಿಯನ್ನು ವೈದ್ಯರಿಗೆ ಬಿಚ್ಚಿ ಹೇಳತಕ್ಕದ್ದು. ಇದರಲ್ಲಿ ನಾಚಿಕೆಪಡುವಂತಹುದು ಏನೂ ಇಲ್ಲ, ಮುಚ್ಚಿಡುವುದರಲ್ಲಿ ಅಪಾಯವಿದೆ.

ಹೆಣ್ಣು, ಗಂಡು, ಮುಪ್ಪು

ಬೆಳೆದ ಹೆಂಗಸರಲ್ಲಿ ಸಿ.ಡಿ. ೪ ಕಣಗಳು ಗಂಡಸರಿಗಿಂತ ತುಸು ಹೆಚ್ಚೆಂಬುದು ಬ್ರಿಟನ್, ಭಾರತ, ಆಫ್ರಿಕದ ಹಲವು ದೇಶಗಳು, ಹೀಗೆ ಎಣಿಸಿದ ಕಡೆಗಳಲ್ಲೆಲ್ಲ ಹೆಚ್ಚುಕಡಮೆ ಕಂಡುಬಂದಿದೆ. ಚಿಕ್ಕ ಮಕ್ಕಳಲ್ಲಿ ಈ ಭೇದವು ಅಲ್ಪ. ಅಲ್ಲಿ ವಯಸ್ಸೇ ಮುಖ್ಯವಾದುದು. ಗರ್ಭಿಣಿಯರಲ್ಲಿ ನ್ಯೂಟ್ರೋಫಿಲ್ಲುಗಳು ಏರಿ ಒಟ್ಟು ಲೆಕ್ಕವು ಹೆಚ್ಚುವುದು ಸಹಜ. ಅದೇ ಸಮಯದಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಸಿ.ಡಿ. ೪ ಸಂಖ್ಯೆ ಇಳಿದಂತೆ ತೋರುವುದು. ಶೇಕಡಾವಾರು ನೋಡಿದರೆ ಹೆಚ್ಚು ವ್ಯತ್ಯಾಸ ಕಾಣದು. ಬಸುರಿಯ ವರದಿಯನ್ನು ಬಸುರಿಯರ ಅಳತೆಯಿಂದಲೇ ನೋಡಬೇಕು.

ಮುಪ್ಪಿನ ಕಥೆ ಬೇರೆ. ಥೈಮಸ್ ಗ್ರಂಥಿಯು ಯೌವನದಿಂದಾಚೆಗೆ ಸೊರಗುತ್ತಾ ಬಂದು ಅದರ ಜಾಗವನ್ನು ಕೊಬ್ಬು ತುಂಬುವುದು. ಹಿರಿಯರ ರಕ್ತದಲ್ಲಿ ಒಟ್ಟು ಸಂಖ್ಯೆಯು ಅಷ್ಟಾಗಿ ಕಡಮೆಯಾಗದಿದ್ದರೂ, ಹೊಸ ಶತ್ರುವನ್ನೆದುರಿಸಬಲ್ಲ ಹೊಸ ಕಣಗಳು, ಅದರಲ್ಲಿಯೂ ಸಿ.ಡಿ. ೮ ಜಾತಿಯವು, ಬಹಳ ಕಡಮೆಯಾಗುತ್ತವೆ. ಸೈಟೋಮೆಗಲೋವೈರಸ್ ಎಂಬ ವಿಷಾಣುವು ಬಹು ಮಂದಿಯಲ್ಲಿ ಚಿಕ್ಕಂದಿನಲ್ಲಿಯೇ ಹೊಕ್ಕು ಜೀವಮಾನವೆಲ್ಲ ಸುಪ್ತವಾಗಿರುವುದು. ಅದನ್ನು ಕಾಯುವುದಕ್ಕೆಂದೇ ದೇಹವು ಸಿ.ಡಿ. ೮ ಕಣಗಳ ಒಂದು ದೊಡ್ಡ ದಳವನ್ನು ಇಟ್ಟುಕೊಳ್ಳುವುದು.

ಈ ವಿಷಯದಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯವರು ನಡೆಸಿದ ಕೆಲಸವು ಮಾದರಿಯಾಗಿದೆ. ಫ್ರಾನ್ಸಿನ ರೆನ್ ಪಟ್ಟಣದಲ್ಲಿ ಅವರು ೨೦ರಿಂದ ೬೯ ವರ್ಷದವರೆಗಿನ ಸಾವಿರ ಮಂದಿ ಆರೋಗ್ಯವಂತರನ್ನು ಆರಿಸಿಕೊಂಡರು. ಪ್ರತಿ ಹತ್ತು ವರ್ಷದ ಭಾಗಕ್ಕೆ ಇನ್ನೂರು ಮಂದಿ. ಅವರಲ್ಲಿ ನೂರು ಗಂಡಸರು, ನೂರು ಹೆಂಗಸರು. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಣಗಳ ಲೆಕ್ಕವನ್ನು ಮುಖ್ಯವಾಗಿ ಬದಲಾಯಿಸುವ ಬಾಹ್ಯ ಕಾರಣಗಳು ನಾಲ್ಕು: ವಯಸ್ಸು, ಲಿಂಗ, ಮೇಲೆ ಹೇಳಿದ ಸುಪ್ತ ವಿಷಾಣು, ಮತ್ತು ಧೂಮಪಾನ. ಮೊದಲ ಮೂರು ನಮ್ಮ ಕೈಯಲ್ಲಿಲ್ಲ. ನಾಲ್ಕನೆಯದು ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ. ಬೀಡಿ ಸಿಗರೇಟು ಸೇದುವವರ ಬಿಳಿಯ ಕಣಗಳ ಲೆಕ್ಕವು ಸೇದದವರಿಗಿಂತ ಮೇಲಿರುವುದೆಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲರು.

ಊರಿಗೊಂದು ಸೇರು

ಹಿಂದೆ ನಮ್ಮ ಸೀಮೆಗಳಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಾಗಿರಲಿಲ್ಲವೆಂಬುದು ಹಿರಿಯರಿಗೆ ಗೊತ್ತುಂಟು. ರಕ್ತದ ವಿಷಯದಲ್ಲಿ ಜನಾಂಗದಿಂದ ಜನಾಂಗಕ್ಕೂ ಭೇದವಿರುವುದರಿಂದ, ಒಂದು ದೇಶದ ಅಳತೆಯನ್ನು ಇನ್ನೊಂದಕ್ಕೆ ಹಿಡಿಯುವಾಗ ಎಚ್ಚರಿಕೆ ಬೇಕು. ಇಥಿಯೋಪಿಯದ ಆರೋಗ್ಯವಂತರಲ್ಲಿ ಸಿ.ಡಿ. ೪ ಕಣಗಳು ಹಾಲೆಂಡಿನವರಿಗಿಂತ ಕಡಮೆಯೆಂದು ೧೯೯೦ರ ದಶಕದ ಪರೀಕ್ಷೆಗಳಿಂದ ತಿಳಿಯಿತು. ಆಫ್ರಿಕ ಮೂಲದ ಅನೇಕರಲ್ಲಿಯೂ ಯೆಮೆನ್ ದೇಶದ ಯೆಹೂದ್ಯರಲ್ಲಿಯೂ ನ್ಯೂಟ್ರೋಫಿಲ್ಲುಗಳು ೧,೫೦೦ಕ್ಕಿಂತ ಕೆಳಗಿರುವುದು ಸಾಮಾನ್ಯ. ಅವರಿಗೆ ಅದರಿಂದ ಸೋಂಕು ಹೆಚ್ಚುವುದೂ ಇಲ್ಲ. ಡಫಿ ಎಂಬ ರಕ್ತಗುರುತು ಕೆಂಪು ಕಣಗಳ ಮೇಲೆ ಇಲ್ಲದಿರುವುದೇ ಇದಕ್ಕೆ ಕಾರಣವೆಂದು ೨೦೦೮ರ ಸುಮಾರಿಗೆ ಗೊತ್ತಾಯಿತು. ಆ ಗುರುತಿಲ್ಲದವರಿಗೆ ಒಂದು ಬಗೆಯ ಮಲೇರಿಯ ಸುಲಭವಾಗಿ ತಾಗದಿರುವುದರಿಂದ ಅದು ಆ ಜನರಲ್ಲಿ ನೆಲೆಯೂರಿತು. ಆದರೂ ಯೂರೋಪಿನವರ ಅಳತೆಯಿಂದ ಅವರನ್ನು ಅಳೆದು, ಬೇಕಾದ ಔಷಧವನ್ನು ತಡೆದುದುಂಟು. ತೀವ್ರ ಮನೋರೋಗಕ್ಕೆ ಕೊಡುವ ಕ್ಲೋಜಪೈನ್ ಎಂಬ ಔಷಧಕ್ಕೆ ಇಂತಹವರಿಗೆಂದು ಬೇರೆ ಮಿತಿಯನ್ನು ಅಮೆರಿಕದ ಸರ್ಕಾರ ಒಪ್ಪಿದುದು ೨೦೧೫ರಲ್ಲಿ.

ಪ್ರತಿಯೊಂದು ಪರೀಕ್ಷಾಲಯವೂ ತನ್ನದೇ ವ್ಯಾಪ್ತಿಯನ್ನು ಕಟ್ಟುವುದು ಅಸಾಧ್ಯವಾದುದರಿಂದ ಒಂದು ಸುಲಭವಾದ ದಾರಿಯೂ ಉಂಟು. ಬೇರೆಯವರು ಕಟ್ಟಿದ ವ್ಯಾಪ್ತಿಯನ್ನು ತೆಗೆದುಕೊಂಡು, ತಮ್ಮೂರಿನ ಇಪ್ಪತ್ತು ಮಂದಿ ಆರೋಗ್ಯವಂತರ ರಕ್ತವನ್ನು ತಮ್ಮ ಯಂತ್ರದಲ್ಲಿಯೇ ಎಣಿಸಿ ನೋಡಬೇಕು. ಹೊರಗೆ ಬಿದ್ದವರು ಇಬ್ಬರಿಗಿಂತ ಹೆಚ್ಚಾಗದಿದ್ದರೆ ಆ ವ್ಯಾಪ್ತಿಯನ್ನು ಬಳಸಬಹುದು. ಹೆಚ್ಚಾದರೆ ಮತ್ತೆ ವಿಚಾರಮಾಡತಕ್ಕದ್ದು.

ಗೃಹಸ್ಥರು ಮಾಡತಕ್ಕದ್ದೇನು?

ವರದಿ ಕೈಗೆ ಬಂದಾಗ ಮೊದಲು ನೋಡತಕ್ಕದ್ದು ವಯಸ್ಸನ್ನೂ ಲಿಂಗವನ್ನೂ ಸರಿಯಾಗಿ ಬರೆದಿದ್ದಾರೆಯೇ ಎಂಬುದನ್ನು. ಕೂಸಾದರೆ ವರ್ಷವಲ್ಲ, ತಿಂಗಳು. ಹಸುಗೂಸಾದರೆ ದಿನಗಳ ಲೆಕ್ಕವೂ ಮುಖ್ಯ. ಎರಡನೆಯದಾಗಿ, ಪಕ್ಕದಲ್ಲಿ ಅಚ್ಚಾದ ವ್ಯಾಪ್ತಿಯು ಮಕ್ಕಳದೋ ದೊಡ್ಡವರದೋ ಎಂದು ಪರೀಕ್ಷಾಲಯದವರನ್ನು ಧೈರ್ಯವಾಗಿ ಕೇಳಬೇಕು. ಮೂರನೆಯದಾಗಿ, ಶೇಕಡಾ ಸಂಖ್ಯೆಯೊಂದನ್ನೇ ನೋಡದೆ ಘನ ಮಿಲಿಮೀಟರಿಗೆ ಎಷ್ಟು ಕಣಗಳೆಂಬ ನಿಜಸಂಖ್ಯೆಯನ್ನೂ ನೋಡಬೇಕು. ಒಟ್ಟು ಬಿಳಿಯ ಕಣಗಳನ್ನು ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿದರೆ ಅದು ಸಿಕ್ಕುವುದು. ಆರು ಸಾವಿರ ಒಟ್ಟು ಕಣಗಳಲ್ಲಿ ಶೇಕಡಾ ಮೂವತ್ತು ಲಿಂಫೋಸೈಟುಗಳೆಂದರೆ ೧,೮೦೦. ದೊಡ್ಡವರಿಗೆ ಇದು ಧಾರಾಳ; ಮೂರು ತಿಂಗಳ ಕೂಸಿಗೆ ಇದು ಎಚ್ಚರಿಕೆಯ ಗಂಟೆ.

ಹಳೆಯ ವರದಿಗಳನ್ನು ಎಸೆಯದೆ ವರ್ಷಾನುಸಾರವಾಗಿ ಒಂದು ಕಡೆ ಕಟ್ಟಿಡುವ ಅಭ್ಯಾಸವು ಬಹಳ ಒಳ್ಳೆಯದು. ತನ್ನ ಹಿಂದಿನ ಸಂಖ್ಯೆಗಳಿಗಿಂತ ಉತ್ತಮವಾದ ಅಳತೆ ಯಾವನಿಗೂ ಇಲ್ಲ. ಸಾಧ್ಯವಾದರೆ ಅದೇ ಪರೀಕ್ಷಾಲಯದಲ್ಲಿ, ಹೆಚ್ಚುಕಡಮೆ ಅದೇ ಹೊತ್ತಿನಲ್ಲಿ ರಕ್ತವನ್ನು ಕೊಡಬೇಕು. ಈಚೆಗೆ ಬಂದ ಜ್ವರ, ಸೇವಿಸುತ್ತಿರುವ ಔಷಧಗಳು, ಅದರಲ್ಲಿಯೂ ಸ್ಟಿರಾಯಿಡ್ ಜಾತಿಯವು, ಗರ್ಭ, ಧೂಮಪಾನ ಇವುಗಳನ್ನು ಮುಚ್ಚಿಡದೆ ಹೇಳಬೇಕು. ಒಂದು ಸಲದ ಸಣ್ಣ ವ್ಯತ್ಯಾಸಕ್ಕೆ ಹೆದರದೆ, ವೈದ್ಯರು ಹೇಳಿದ ಕಾಲಕ್ಕೆ ಪರೀಕ್ಷೆಯನ್ನು ಪುನಃ ಮಾಡಿಸಬೇಕು. ಆದರೆ ತೂಕ ಏರದ, ಪದೇ ಪದೇ ಸೋಂಕಿಗೆ ತುತ್ತಾಗುವ ಕೂಸಿನ ವರದಿಯಲ್ಲಿ ಗುರುತೇ ಬಿದ್ದಿಲ್ಲವೆಂದು ಸುಮ್ಮನಿರಲಾಗದು. ಅಂತಹ ಕೂಸಿನ ಲಿಂಫೋಸೈಟ್ ಸಂಖ್ಯೆಯನ್ನು ಅದರ ವಯಸ್ಸಿನ ಅಳತೆಯೊಡನೆ ಹೋಲಿಸಿ ನೋಡಿರೆಂದು ತಾಯಿತಂದೆಗಳು ಮಕ್ಕಳ ವೈದ್ಯರನ್ನು ಕೇಳಿಕೊಳ್ಳಲಿ. ಕೇಳುವುದಕ್ಕೆ ಒಂದು ನಿಮಿಷ ಸಾಕು; ಮೂರೂವರೆ ತಿಂಗಳೊಳಗೆ ಕೇಳಿದ ಒಂದು ಪ್ರಶ್ನೆಯು ಒಂದು ಮನೆಯ ದೀಪವನ್ನು ಉಳಿಸಬಹುದು.